ಮುಂದಲೆ ಹಿಂದಕ್ಕೆ ಸರಿದಾಗ: ಮಾತ್ರೆಯೋ, ನಾಟಿಯೋ, ಪ್ಯಾಚೋ, ಟ್ರಿಮ್ಮರೋ?

ಕಟಿಂಗ್ ಶಾಪ್‌ನಲ್ಲಿ ಎಲ್ಲ ಮುಗಿದ ಮೇಲೆ ಚಿಕ್ಕ ಕನ್ನಡಿಯೊಂದನ್ನು ತಲೆಯ ಹಿಂದೆ ಹಿಡಿದು, "ಸರಿ ಇದೆಯಾ ಸಾರ್?" ಅಂತ ಕೇಳುತ್ತಾರೆ. ನಾವು ನೋಡಿದ ಹಾಗೆ ಮಾಡಿ ತಲೆ ಆಡಿಸುತ್ತೇವೆ. ನಿಜವಾಗಿ ನೋಡಿರುವುದಿಲ್ಲ. ನಮ್ಮ ಕಣ್ಣೆಲ್ಲ ಎದುರಿನ ದೊಡ್ಡ ಕನ್ನಡಿಯಲ್ಲಿ, ಹಣೆಯ ಎರಡು ಮೂಲೆಗಳ ಮೇಲಿರುತ್ತದೆ. ಹೋದ ತಿಂಗಳಿಗಿಂತ ಇನ್ನೊಂದು ಚೂರು ಮೇಲೆ ಹೋಯಿತಾ?

ಮುಂದಲೆಯ ಬಗ್ಗೆ ತೀರ್ಮಾನ ಮಾಡುವವರು ಸರಿಯಾಗಿ ನೋಡಬೇಕಾದ್ದು ಆ ಚಿಕ್ಕ ಕನ್ನಡಿಯನ್ನೇ. ಕೂದಲು ಕಸಿಯಲ್ಲಿ ಮುಂದೆ ನೆಡುವ ಕೂದಲೆಲ್ಲ ಬರುವುದು ತಲೆಯ ಹಿಂದಿನಿಂದ. ಅಲ್ಲಿ ಎಷ್ಟಿದೆ, ಅದರಲ್ಲಿ ಎಷ್ಟನ್ನು ತೆಗೆಯಬಹುದು ಅನ್ನುವುದರ ಮೇಲೆ ಉಳಿದ ಮಾತೆಲ್ಲ ನಿಂತಿದೆ. ಇಷ್ಟು ತಿಳಿಯಲು ನನಗೆ ಐದು ವರ್ಷ, ಮೂರು ಕ್ಲಿನಿಕ್, ಒಂದು ಆಪರೇಷನ್ ಬೇಕಾಯಿತು.

ನಮ್ಮ ಮನೆಯಲ್ಲೇ ಈಗ ಮೂರು ಥರದವರಿದ್ದೇವೆ. ನಾನು 38ಕ್ಕೆ ಕೂದಲು ನಾಟಿ, ಅಂದರೆ ಕಸಿ, ಮಾಡಿಸಿಕೊಂಡವನು. ನಮ್ಮ ಭಾವ ತಲೆಗೆ ಅಂಟಿಸುವ ಕೂದಲಿನ ಪ್ಯಾಚ್ ಹಾಕುವವರು. ಚಿಕ್ಕಪ್ಪನ ಮಗನಿಗೆ 24, "ಅಣ್ಣ, ನನಗೂ ಈಗಲೇ ಮಾಡಿಸಿಬಿಡೋಣ" ಅಂತ ಕುಣಿಯುತ್ತಿದ್ದಾನೆ. ಇಲ್ಲಿರುವುದರಲ್ಲಿ ಮುಕ್ಕಾಲು ಪಾಲು ಅವನಿಗೆ ಹೇಳಿದ್ದೇ.

ಉದುರುತ್ತಿರುವುದು ಯಾಕೆ ಅಂತ ಮೊದಲು ಗೊತ್ತಾಗಬೇಕು

ಬೆಂಗಳೂರಿನಲ್ಲಿ ಕೂದಲು ಉದುರಿದರೆ ಬೈಗುಳ ತಿನ್ನುವುದು ಇಬ್ಬರು: ಬೋರ್‌ವೆಲ್ ನೀರು, ಹೆಲ್ಮೆಟ್. ಪಾಪ, ಎರಡೂ ಮುಂದಲೆಯನ್ನು ಹಿಂದಕ್ಕೆ ತಳ್ಳುವುದಿಲ್ಲ. ಗಡಸು ನೀರಿನಿಂದ ಕೂದಲು ಒರಟಾಗಬಹುದು, ತುಂಡಾಗಬಹುದು. ಬೇರು ಹಾಳಾಗುವುದಿಲ್ಲ. ಗಂಡಸರಲ್ಲಿ ಹಣೆಯ ಮೂಲೆಯಿಂದ ಶುರುವಾಗಿ ನೆತ್ತಿಯ ಕಡೆ ಹೋಗುವ ಬೋಳಿಗೆ ಕಾರಣ ಡಿಎಚ್‌ಟಿ ಅನ್ನುವ ಹಾರ್ಮೋನು, ಜತೆಗೆ ಆ ಹಾರ್ಮೋನಿಗೆ ಸೋಲುವ ಬೇರುಗಳನ್ನು ಕೊಟ್ಟ ವಂಶ. ಅಪ್ಪನ ಕಡೆಯಿಂದಲೂ ಬರುತ್ತದೆ, ಅಮ್ಮನ ಕಡೆಯಿಂದಲೂ ಬರುತ್ತದೆ. ಕೂದಲು ಒಮ್ಮೆಗೇ ಸಾಯುವುದಿಲ್ಲ. ಉದುರಿ ಮತ್ತೆ ಹುಟ್ಟುವಾಗ ಪ್ರತಿ ಸಲವೂ ಸ್ವಲ್ಪ ತೆಳ್ಳಗೆ, ಸ್ವಲ್ಪ ಗಿಡ್ಡಕ್ಕೆ ಹುಟ್ಟುತ್ತದೆ. ಕೊನೆಗೆ ಎಳೆ ಮಗುವಿನ ಕೆನ್ನೆಯ ಮೇಲಿನ ರೋಮದಂತಾಗುತ್ತದೆ.

ಡೆಂಗಿ, ಟೈಫಾಯ್ಡ್, ಹೆರಿಗೆ, ಜೋರು ಡಯಟ್ ಆದ ಎರಡು ಮೂರು ತಿಂಗಳಿಗೆ ಹಿಡಿ ಹಿಡಿಯಾಗಿ ಉದುರುವುದು ಬೇರೆ. ಅದು ತಲೆಯ ಎಲ್ಲ ಕಡೆಯಿಂದ ಉದುರುತ್ತದೆ, ಹೆಚ್ಚಿನವರಿಗೆ ತಾನೇ ವಾಪಸ್ ಬರುತ್ತದೆ. ನಾಣ್ಯದಂತೆ ದುಂಡಗೆ ಖಾಲಿಯಾಗುವುದು ಇನ್ನೊಂದು ಕಾಯಿಲೆ. ಹೆಂಗಸರಲ್ಲಿ ಬಿಗಿಯಾಗಿ ಎಳೆದು ಜಡೆ ಹಾಕಿ ಅಂಚು ಹೋಗುವುದುಂಟು, ರಕ್ತ ಕಡಿಮೆಯಾಗಿ ಅಥವಾ ಥೈರಾಯ್ಡ್‌ನಿಂದ ತೆಳ್ಳಗಾಗುವುದುಂಟು. ಹಣೆಯಂಚಿನ ಬೇರನ್ನೇ ಸುಟ್ಟು ಕಲೆ ಮಾಡುವ ಕಾಯಿಲೆಯೂ ಇದೆ. ಅದು ಚುರುಕಾಗಿರುವಾಗ ನೆಟ್ಟ ಕೂದಲನ್ನೂ ತಿಂದುಹಾಕುತ್ತದೆ. ಅದಕ್ಕೇ ಮೊದಲ ಭೇಟಿ ಚರ್ಮದ ಡಾಕ್ಟರ ಹತ್ತಿರ ಆಗಬೇಕು, ಕೂದಲಿನ ಪ್ಯಾಕೇಜ್ ಮಾರುವವರ ಹತ್ತಿರ ಅಲ್ಲ.

ಇನ್ನೊಂದು ಮಾತು. ಹದಿನೇಳರ ಹುಡುಗನ ಹಣೆ ಇಪ್ಪತ್ತೇಳರಲ್ಲಿ ಹಾಗೇ ಇರುವುದಿಲ್ಲ. ಅಂಚು ಒಂದು ಬೆರಳು ಮೇಲೇರಿ ನಿಲ್ಲುವುದು ಬಹಳ ಗಂಡಸರಲ್ಲಿ ಸಹಜ. ಬೋಳಿನ ಹಂತಗಳನ್ನು ಅಳೆಯಲು ಡಾಕ್ಟರುಗಳು ಬಳಸುವ ಪಟ್ಟಿಯನ್ನು 1951ರಲ್ಲಿ ಹ್ಯಾಮಿಲ್ಟನ್ ಮಾಡಿದರು, 1975ರಲ್ಲಿ ನಾರ್‌ವುಡ್ ತಿದ್ದಿದರು. ಅದರಲ್ಲಿ ಏಳು ಹಂತ. ಎರಡನೇ ಹಂತವನ್ನು ಬೋಳು ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಮ್ಮ ಹುಡುಗ ಇರುವುದು ಎರಡಕ್ಕೂ ಮೂರಕ್ಕೂ ನಡುವೆ. ಅವನ ಪ್ರಕಾರ ಪ್ರಪಂಚ ಮುಳುಗಿದೆ.

ಇದು ಭತ್ತದ ನಾಟಿ ಇದ್ದ ಹಾಗೆ

ಕೂದಲು ಕಸಿ ಅಂತ ಕರೆಯುತ್ತೇವೆ. ಮಾವಿನ ಕಸಿಗೂ ಇದಕ್ಕೂ ಅಷ್ಟೇನೂ ಹೋಲಿಕೆ ಇಲ್ಲ. ಇದು ಒಟ್ಟಲಿನಿಂದ, ಅಂದರೆ ಸಸಿ ಮಡಿಯಿಂದ, ಪೈರು ಕಿತ್ತು ಗದ್ದೆಯಲ್ಲಿ ನೆಡುವ ಕೆಲಸ. ಕಿತ್ತಷ್ಟೇ ನೆಡಬಹುದು, ಒಂದೂ ಜಾಸ್ತಿ ಆಗುವುದಿಲ್ಲ. ಇಲ್ಲಿ ಒಟ್ಟಲು ಅಂದರೆ ಹಿಂದಲೆ, ಅದಕ್ಕೆ ಮತ್ತೆ ಬೀಜ ಚೆಲ್ಲುವ ಹಾಗೂ ಇಲ್ಲ.

ಹಿಂದಲೆಯ ಮತ್ತು ಕಿವಿಯ ಮೇಲಿನ ಪಟ್ಟಿಯ ಬೇರುಗಳು ಡಿಎಚ್‌ಟಿಗೆ ಸುಲಭವಾಗಿ ಸೋಲುವುದಿಲ್ಲ. ಪೂರ್ತಿ ಬೋಳಾದ ತಾತಂದಿರಿಗೂ ಅಲ್ಲಿ ಲಾಳದ ಆಕಾರದಲ್ಲಿ ಕೂದಲು ಉಳಿದಿರುತ್ತದೆ, ನೋಡಿದ್ದೀರಲ್ಲ. ಆ ಬೇರನ್ನು ತಂದು ಮುಂದೆ ನೆಟ್ಟರೂ ಅದು ತನ್ನ ಹಳೆಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಓರೆಂಟ್ರೈಕ್ 1950ರ ದಶಕದಲ್ಲಿ ಇದನ್ನು ಮಾಡಿ ತೋರಿಸಿದರು. 1959ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಈಗಿನ ಎಲ್ಲ ವಿಧಾನಗಳೂ ಅದರ ಮೇಲೇ ನಿಂತಿವೆ. ಅವರ ಕಾಲದಲ್ಲಿ ಒಂದು ಪೆನ್ಸಿಲಿನಷ್ಟು ಅಗಲದ ಚರ್ಮವನ್ನೇ ಕೊರೆದು ನೆಡುತ್ತಿದ್ದರು. ಅದಕ್ಕೇ ಹಳೆಯ ಕಾಲದ ನಾಟಿಗಳು ಗೊಂಬೆಯ ತಲೆಯ ಹಾಗೆ ಗುಚ್ಛ ಗುಚ್ಛವಾಗಿ ಕಾಣುತ್ತಿದ್ದವು.

ಕೂದಲು ಚರ್ಮದಿಂದ ಒಂಟಿಯಾಗಿ ಮಾತ್ರ ಏಳುವುದಿಲ್ಲ. ಒಂದು, ಎರಡು, ಮೂರು, ಅಪರೂಪಕ್ಕೆ ನಾಲ್ಕು ಎಳೆಗಳ ಚಿಕ್ಕ ಗುಂಪಾಗಿ ಏಳುತ್ತದೆ. ಈ ಒಂದೊಂದು ಗುಂಪೇ ಒಂದು ಗ್ರಾಫ್ಟ್. ಹಿಂದಲೆ ದಟ್ಟವಾಗಿರುವ ಒಬ್ಬ ಗಂಡಸಿನಿಂದ ಬದುಕಿಡೀ ಸೇರಿ ಸುಮಾರು 5,000ದಿಂದ 6,000 ಗ್ರಾಫ್ಟ್ ತೆಗೆಯಬಹುದು. ತೆಳ್ಳಗಿದ್ದವರಲ್ಲಿ ಇನ್ನೂ ಕಡಿಮೆ. ತಲೆಯ ಮೇಲ್ಭಾಗವೆಲ್ಲ ಖಾಲಿಯಾದವರಿಗೆ ಅಷ್ಟೂ ಸಾಕಾಗುವುದಿಲ್ಲ.

ಈಗ ಲೆಕ್ಕ ಹಾಕಿ. 24ರ ಹುಡುಗ 3,000 ಗ್ರಾಫ್ಟ್ ಸುರಿದು ಶಾಲೆಯ ಫೋಟೋದಲ್ಲಿದ್ದಂಥ ಮುಂದಲೆ ಮಾಡಿಸಿಕೊಳ್ಳುತ್ತಾನೆ. ನೆಟ್ಟದ್ದು ನಿಲ್ಲುತ್ತದೆ. ಅದರ ಹಿಂದೆ ಇದ್ದ ಅವನ ಸ್ವಂತ ಕೂದಲು ತನ್ನ ಪಾಡಿಗೆ ಉದುರುತ್ತಾ ಹೋಗುತ್ತದೆ. 35ರ ಹೊತ್ತಿಗೆ ಮುಂದೆ ಬೇಲಿ, ಹಿಂದೆ ಬಯಲು. ಆ ಬಯಲನ್ನು ತುಂಬಲು ಒಟ್ಟಲಿನಲ್ಲಿ ಪೈರು ಉಳಿದಿಲ್ಲ. ಸುಮ್ನೆ ಬೋಳಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಇದನ್ನು ಎಲ್ಲರೂ ನೋಡುತ್ತಾರೆ.

ಅದಕ್ಕೇ ಒಳ್ಳೆಯ ಡಾಕ್ಟರು ಚಿಕ್ಕ ವಯಸ್ಸಿನವರನ್ನು ನೋಡಿ, "ಕಾಯಿರಿ, ಮೊದಲು ಒಂದು ವರ್ಷ ಔಷಧಿ ಮಾಡಿ" ಅನ್ನುತ್ತಾರೆ. ಅಂಥವರು ದುಡ್ಡು ಬಿಟ್ಟು ಮಾತಾಡುತ್ತಿದ್ದಾರೆ ಅಂತ ಅರ್ಥ. ಅವರ ಹತ್ತಿರ ಮತ್ತೆ ಹೋಗಿ.

ನಿಮಗೆ ಎಷ್ಟು ಗ್ರಾಫ್ಟ್ ಬೇಕು ಅನ್ನುವುದನ್ನು ಮನೆಯಲ್ಲೇ ಅಂದಾಜು ಮಾಡಬಹುದು. ಒಂದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಹಣೆಯ ಮೇಲಿಟ್ಟು, ಖಾಲಿ ಜಾಗದ ಸುತ್ತ ಸ್ಕೆಚ್ ಪೆನ್ನಿನಿಂದ ಗೆರೆ ಎಳೆಯಿರಿ. ಆ ಹಾಳೆಯನ್ನು ಮಕ್ಕಳ ಗ್ರಾಫ್ ಪುಸ್ತಕದ ಮೇಲಿಟ್ಟು ಚದರ ಸೆಂಟಿಮೀಟರ್ ಎಣಿಸಿ. ನಾಟಿಯಲ್ಲಿ ಒಂದು ಚದರ ಸೆಂಟಿಮೀಟರಿಗೆ ಸಾಮಾನ್ಯವಾಗಿ 35ರಿಂದ 45 ಗ್ರಾಫ್ಟ್ ನೆಡುತ್ತಾರೆ. ನನ್ನದು 46 ಚದರ ಸೆಂಟಿಮೀಟರ್ ಬಂತು. ನಲವತ್ತರಂತೆ ಗುಣಿಸಿದರೆ 1,840. ಒಂದು ಕ್ಲಿನಿಕ್ 1,800 ಅಂದಿತು, ಇನ್ನೊಂದು 2,000 ಅಂದಿತು. ಮೂರನೆಯದು 3,500 ಅಂದಿತು. ಮೂರನೆಯವರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ಹುಟ್ಟಿನಿಂದ ಬಂದ ದಟ್ಟಣೆ ಇದರ ಸುಮಾರು ಎರಡು ಪಟ್ಟು ಇರುತ್ತದೆ. ಆದರೆ ಅರ್ಧದಷ್ಟು ಹೋಗುವ ತನಕ ನಮ್ಮ ಕಣ್ಣಿಗೇ ಖಾಲಿ ಅಂತ ಗೊತ್ತಾಗುವುದಿಲ್ಲವಲ್ಲ, ನಾಟಿ ನಡೆಯುವುದು ಆ ಅವಕಾಶದಲ್ಲೇ.

ಮಾತ್ರೆ ಮತ್ತು ಲೋಷನ್

ಮಿನಾಕ್ಸಿಡಿಲ್ ಮೊದಲು ರಕ್ತದೊತ್ತಡದ ಮಾತ್ರೆಯಾಗಿತ್ತು. ತೆಗೆದುಕೊಂಡವರಿಗೆ ಮೈಮೇಲೆಲ್ಲ ಕೂದಲು ಬರುತ್ತಿದ್ದುದನ್ನು ಕಂಡು ಅದನ್ನೇ ತಲೆಗೆ ಹಚ್ಚುವ ದ್ರವ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ದಿನವೂ ಹಚ್ಚಬೇಕು. ಮೊದಲ ಕೆಲವು ವಾರ ಉದುರುವುದು ಜಾಸ್ತಿಯಾಗುತ್ತದೆ, ಅಲ್ಲೇ ಅರ್ಧ ಜನ ಹೆದರಿ ಬಾಟಲಿ ಎಸೆಯುತ್ತಾರೆ. ಎಸೆಯಬೇಡಿ. ಹಳೆಯ ತೆಳ್ಳನೆಯ ಎಳೆ ಬಿದ್ದು ಹೊಸದು ಬರುವ ಸಮಯ ಅದು. ಗುಣ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ಇದು ನೆತ್ತಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಹಣೆಯ ಮೂಲೆಯಲ್ಲಿ ಅಷ್ಟಾಗಿ ಇಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಹುಷಾರು. ಈ ದ್ರವ ಬೆಕ್ಕಿಗೆ ವಿಷ. ದಿಂಬಿನ ಮೇಲೆ ಒರಸಿದ್ದನ್ನು ನೆಕ್ಕಿದರೂ ಅಪಾಯ.

ಫಿನಾಸ್ಟರೈಡ್ ಮಾತ್ರೆ ಡಿಎಚ್‌ಟಿಯನ್ನೇ ಕಡಿಮೆ ಮಾಡುತ್ತದೆ. ರಕ್ತದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಇಳಿಯುತ್ತದೆ. ಗಂಡಸರ ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ 5 ಮಿಲಿಗ್ರಾಂ ಮಾತ್ರೆಯಾಗಿ ಬಂದದ್ದು, 1997ರಲ್ಲಿ ಅಮೆರಿಕದಲ್ಲಿ ಕೂದಲಿಗೆ 1 ಮಿಲಿಗ್ರಾಂ ಮಾತ್ರೆಯಾಗಿ ಒಪ್ಪಿಗೆ ಪಡೆಯಿತು. ಇರುವುದನ್ನು ಹಿಡಿದಿಡುವುದರಲ್ಲಿ ಇದು ಗಟ್ಟಿ. ಕೆಲವರಲ್ಲಿ ಲೈಂಗಿಕ ಆಸಕ್ತಿ ಇಳಿಯುವುದು, ನಿಮಿರುವುದರಲ್ಲಿ ತೊಂದರೆ, ಮನಸ್ಸು ಕುಗ್ಗುವುದು ಆಗುತ್ತದೆ. ಹಾಗಾಗುವವರು ಕಡಿಮೆ, ಹೆಚ್ಚಿನವರಿಗೆ ಮಾತ್ರೆ ಬಿಟ್ಟರೆ ಸರಿಹೋಗುತ್ತದೆ. ಕೆಲವರು ಬಿಟ್ಟ ಮೇಲೂ ತೊಂದರೆ ಉಳಿಯಿತು ಎಂದಿದ್ದಾರೆ. ಹಿಂದೆ ಖಿನ್ನತೆ ಬಂದಿದ್ದವರು ಅದನ್ನು ಡಾಕ್ಟರಿಗೆ ಹೇಳದೆ ಶುರು ಮಾಡಬಾರದು. ಗರ್ಭಿಣಿಯರು ಒಡೆದ ಮಾತ್ರೆಯನ್ನು ಮುಟ್ಟಲೂಬಾರದು, ಗಂಡು ಮಗುವಿನ ಬೆಳವಣಿಗೆಗೆ ಕೆಟ್ಟದ್ದು. ತೆಗೆದುಕೊಳ್ಳುವವರು ರಕ್ತದಾನ ಮಾಡುವ ಹಾಗಿಲ್ಲ. ವಯಸ್ಸಾದ ಮೇಲೆ ಪ್ರಾಸ್ಟೇಟಿಗೆ ಮಾಡಿಸುವ ಪಿಎಸ್‌ಎ ರಕ್ತಪರೀಕ್ಷೆಯ ಅಂಕಿಯನ್ನು ಇದು ಅರ್ಧಕ್ಕೆ ಇಳಿಸುತ್ತದೆ, ಆ ಡಾಕ್ಟರಿಗೂ ಹೇಳಬೇಕು.

ಎರಡರದ್ದೂ ದೊಡ್ಡ ಕೊರತೆ ಒಂದೇ. ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಉಳಿಸಿದ್ದೆಲ್ಲ ಹೋಗುತ್ತದೆ. ಪೂರ್ತಿ ನುಣ್ಣಗಾದ ಮೂಲೆಯಲ್ಲಿ ಇವು ಕೂದಲು ಹುಟ್ಟಿಸುವುದಿಲ್ಲ. ಹಾಗಾಗಿ ಮಾತ್ರೆಯೋ ನಾಟಿಯೋ ಅನ್ನುವ ಪ್ರಶ್ನೆಯೇ ಸ್ವಲ್ಪ ತಪ್ಪು. ಮಾತ್ರೆ ಇರುವುದನ್ನು ಕಾಯುತ್ತದೆ, ನಾಟಿ ಹೋದ ಜಾಗವನ್ನು ತುಂಬುತ್ತದೆ. ಹೋದದ್ದು ಕಡಿಮೆ, ಇರುವುದು ಜಾಸ್ತಿ ಅಂದರೆ ಮಾತ್ರೆ ಮೊದಲು.

ಪಿಆರ್‌ಪಿ ಅಂತ ನಿಮ್ಮದೇ ರಕ್ತ ತೆಗೆದು, ಗಿರಗಿರ ತಿರುಗಿಸಿ, ಅದರ ಒಂದು ಭಾಗವನ್ನು ತಲೆಗೆ ಚುಚ್ಚುತ್ತಾರೆ. ಕೆಲವರಿಗೆ ಸ್ವಲ್ಪ ದಪ್ಪ ಬರುತ್ತದೆ. ಖಾಲಿ ಮೂಲೆ ತುಂಬುವುದಿಲ್ಲ. ನಾನು ಮೂರು ಸಲ ಚುಚ್ಚಿಸಿಕೊಂಡೆ. ಚೆನ್ನಾಗಿ ನೋಯುತ್ತದೆ, ಅಷ್ಟು ಮಾತ್ರ ಗ್ಯಾರಂಟಿ.

ಎಫ್‌ಯುಟಿ ಮತ್ತು ಎಫ್‌ಯುಇ

ನಾಟಿಯೇ ಸರಿ ಅಂತ ಆದ ಮೇಲೆ ಈ ಎರಡು ಹೆಸರು ಎದುರಾಗುತ್ತವೆ. ನೆಡುವ ಕೆಲಸ ಎರಡರಲ್ಲೂ ಒಂದೇ. ಬೇರೆಯಾಗುವುದು ಕೀಳುವ ರೀತಿ.

ಎಫ್‌ಯುಟಿಯಲ್ಲಿ ಹಿಂದಲೆಯಿಂದ ಸುಮಾರು ಒಂದರಿಂದ ಒಂದೂವರೆ ಸೆಂಟಿಮೀಟರ್ ಅಗಲದ ಉದ್ದ ಪಟ್ಟಿಯನ್ನೇ ಕತ್ತರಿಸಿ ತೆಗೆದು ಹೊಲಿಗೆ ಹಾಕುತ್ತಾರೆ. ಆ ಪಟ್ಟಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟುಕೊಂಡು ಒಂದೊಂದೇ ಗ್ರಾಫ್ಟ್ ಬಿಡಿಸುತ್ತಾರೆ. ಕಣ್ಣಿಗೆ ಕಾಣುವ ಹಾಗೆ ಬಿಡಿಸುವುದರಿಂದ ಬೇರು ತುಂಡಾಗುವುದು ಕಡಿಮೆ. ಒಟ್ಟಲಿನ ನಟ್ಟನಡುವಿನ, ಎಂದೂ ಉದುರದ ಕೂದಲೇ ಸಿಗುತ್ತದೆ. ಸುತ್ತಲಿನ ಕೂದಲನ್ನು ಬೋಳಿಸಬೇಕಿಲ್ಲ, ಉದ್ದ ಕೂದಲು ಗಾಯವನ್ನು ಅವತ್ತೇ ಮುಚ್ಚುತ್ತದೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ. ಬದಲಿಗೆ ಕಿವಿಯಿಂದ ಕಿವಿಗೆ ಒಂದು ಗೆರೆ ಉಳಿಯುತ್ತದೆ. ಕೂದಲನ್ನು ತೀರಾ ಗಿಡ್ಡ ಕತ್ತರಿಸಿದರೆ ಅದು ಕಾಣುತ್ತದೆ. ಹೊಲಿಗೆ ಬಿಚ್ಚಲು ಹತ್ತರಿಂದ ಹದಿನಾಲ್ಕು ದಿನ, ಹಿಂದಲೆ ಬಿಗಿಬಿಗಿ ಅನ್ನಿಸುವುದು ಇನ್ನೂ ಕೆಲವು ವಾರ. ಜಿಮ್‌ನಲ್ಲಿ ಭಾರ ಎತ್ತುವವರು ತಿಂಗಳುಗಟ್ಟಲೆ ಸುಮ್ಮನಿರಬೇಕು, ಇಲ್ಲದಿದ್ದರೆ ಗೆರೆ ಅಗಲವಾಗುತ್ತದೆ.

ಎಫ್‌ಯುಇಯಲ್ಲಿ ಒಂದು ಮಿಲಿಮೀಟರಿಗಿಂತ ಚಿಕ್ಕ ಬಾಯಿಯ ಕೊಳವೆಯಂಥ ಸಾಧನದಿಂದ ಒಂದೊಂದೇ ಗ್ರಾಫ್ಟಿನ ಸುತ್ತ ಕೊರೆದು ಕೀಳುತ್ತಾರೆ. ಹೊಲಿಗೆ ಇಲ್ಲ. ಚುಕ್ಕೆ ಚುಕ್ಕೆ ಗಾಯ ಒಂದು ವಾರದಲ್ಲಿ ಒಣಗುತ್ತದೆ. ಹಿಂದೆ ಗಿಡ್ಡ ಕಟಿಂಗ್ ಇಡಬಹುದು. "ಕಲೆಯೇ ಇಲ್ಲ" ಅಂತ ಹೇಳುವುದು ಮಾತ್ರ ಸುಳ್ಳು. ಎಷ್ಟು ಸಾವಿರ ಗ್ರಾಫ್ಟೋ ಅಷ್ಟು ಸಾವಿರ ಬಿಳಿ ಚುಕ್ಕೆ ಇರುತ್ತದೆ, ಹರಡಿಕೊಂಡಿರುವುದರಿಂದ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಬೇರು ಚರ್ಮದ ಒಳಗೆ ಯಾವ ಕಡೆ ವಾಲಿದೆ ಅಂತ ಹೊರಗಿನಿಂದ ಕಾಣದು, ಕೈ ಪಳಗದವರು ಬೇರನ್ನೇ ಕತ್ತರಿಸಿಬಿಡುತ್ತಾರೆ. ಆಸೆಗೆ ಬಿದ್ದು ಒಂದೇ ಸಲಕ್ಕೆ ಜಾಸ್ತಿ ಕಿತ್ತರೆ ಹಿಂದಲೆ ಹುಳ ತಿಂದ ಕಂಬಳಿಯಂತಾಗುತ್ತದೆ. ಅದಕ್ಕೆ ರಿಪೇರಿ ಬಹಳ ಕಷ್ಟ.

ನಾನು ಎಫ್‌ಯುಇ ಆರಿಸಿದೆ. ಕಾರಣ ದೊಡ್ಡದಲ್ಲ: ನಾನು ಮೊದಲಿನಿಂದಲೂ ಹಿಂದೆ ಗಿಡ್ಡ ಕಟಿಂಗ್ ಇಡುವವನು, ಬೇಕಾಗಿದ್ದುದು ಎರಡು ಸಾವಿರ ಗ್ರಾಫ್ಟ್. ಉದ್ದ ಕೂದಲು ಬಿಡುವವರು, ಹೆಂಗಸರು, ಮುಂದೆ ಇನ್ನೂ ಬಹಳ ಗ್ರಾಫ್ಟ್ ಬೇಕಾಗಬಹುದಾದವರು ಎಫ್‌ಯುಟಿಯನ್ನು ಹಳೆಯದು ಅಂತ ತಳ್ಳಿಹಾಕಬಾರದು. ಮೊದಲು ಪಟ್ಟಿ, ಆಮೇಲೆ ಚುಕ್ಕೆ ಅಂತ ಎರಡನ್ನೂ ಸೇರಿಸಿದರೆ ಒಟ್ಟಲಿನಿಂದ ಹೆಚ್ಚು ಪೈರು ಸಿಗುತ್ತದೆ. ಬೇಸರವೆಂದರೆ ಎಷ್ಟೋ ಕಡೆ ಎಫ್‌ಯುಟಿ ಮಾಡುವುದೇ ಇಲ್ಲ. ಅವರಿಗೆ ಬಾರದ ಕೆಲಸವನ್ನು ನಿಮಗೆ ಬೇಡದ ಕೆಲಸ ಅಂತ ಹೇಳುತ್ತಾರೆ.

ಇನ್ನು ಡಿಎಚ್‌ಐ, ಸಫಾಯರ್, ರೋಬೋಟ್, ಬಯೋ ಅಂತ ಹೆಸರುಗಳ ಜಾತ್ರೆಯೇ ಇದೆ. ಡಿಎಚ್‌ಐ ಅಂದರೆ ಕಿತ್ತದ್ದನ್ನು ಪೆನ್ನಿನಂಥ ಸಾಧನದಲ್ಲಿ ತುಂಬಿ ನೇರ ಚುಚ್ಚಿ ನೆಡುವುದು. ಸಫಾಯರ್ ಅಂದರೆ ನೆಡುವ ಗುಳಿ ಮಾಡುವ ಬ್ಲೇಡ್ ನೀಲಮಣಿಯದು. ಕೀಳುವುದು ಅದೇ ಎಫ್‌ಯುಇ. ಹೆಸರಿಗೆ ಅರ್ಧ ಲಕ್ಷ ಜಾಸ್ತಿ ಕೊಡುವ ಬದಲು ಆ ದುಡ್ಡಿನಲ್ಲಿ ಒಳ್ಳೆಯ ಕೈ ಹುಡುಕಿ.

ಆ ಕೈಯ ಗುಣ ಕಾಣುವುದು ಮುಂದಲೆಯ ಅಂಚಿನಲ್ಲಿ. ಗೆರೆ ಸ್ಕೇಲ್ ಇಟ್ಟು ಎಳೆದ ಹಾಗಿರಬಾರದು, ಸ್ವಲ್ಪ ಅಂಕುಡೊಂಕಾಗಿರಬೇಕು. ಮೊದಲ ಸಾಲುಗಳಲ್ಲಿ ಒಂಟಿ ಎಳೆಯ ಗ್ರಾಫ್ಟ್ ಮಾತ್ರ, ಅದರ ಹಿಂದೆ ಎರಡರದ್ದು, ಮೂರರದ್ದು. ಎಳೆಗಳು ಮುಂದಕ್ಕೆ ವಾಲಿರಬೇಕು. ಹಣೆಯ ಮೂಲೆಗಳು ಸ್ವಲ್ಪ ಒಳಗೇ ಇರಬೇಕು, ಐವತ್ತರ ಮುಖಕ್ಕೆ ಹದಿನೆಂಟರ ಅಂಚು ಹೊಂದುವುದಿಲ್ಲ. ನಮ್ಮ ಡಾಕ್ಟರು ನನ್ನ ಹಣೆಯ ಮೇಲೆ ಗೆರೆ ಎಳೆದಾಗ ನಾನು, "ಇನ್ನೊಂದು ಬೆರಳು ಕೆಳಗೆ ಬರಲಿ ಡಾಕ್ಟ್ರೇ" ಅಂದೆ. "ನೋಡಿ ಸರ್, ಇಳಿಸೋದು ಯಾವಾಗ ಬೇಕಾದ್ರೂ ಮಾಡಬಹುದು, ಏರಿಸೋಕೆ ಆಗಲ್ಲ" ಅಂದರು.

ಯಾರ ಕೈಗೆ ತಲೆ ಕೊಡುವುದು

ನಾನು ಮೊದಲು ಹೋದ ಕ್ಲಿನಿಕ್‌ನಲ್ಲಿ ನನ್ನ ತಲೆ ನೋಡಿದ್ದು ಟೈ ಕಟ್ಟಿದ ಒಬ್ಬ ಕೌನ್ಸೆಲರ್. ಮೊಬೈಲ್ ಟಾರ್ಚ್ ಬಿಟ್ಟು ಎರಡು ನಿಮಿಷ ನೋಡಿದ. "ಭಾನುವಾರದೊಳಗೆ ಅಡ್ವಾನ್ಸ್ ಕಟ್ಟಿದರೆ 30 ಪರ್ಸೆಂಟ್ ಡಿಸ್ಕೌಂಟ್ ಸರ್" ಅಂದ. ಡಾಕ್ಟರು ಎಲ್ಲಿ ಅಂತ ಕೇಳಿದೆ. "ಅವತ್ತು ಬರ್ತಾರೆ" ಅಂದ. ಸೀರೆ ಅಂಗಡಿಯ ಆಷಾಢ ಸೇಲ್ ಇದಕ್ಕಿಂತ ಗಂಭೀರವಾಗಿರುತ್ತದೆ.

ಇದು ಹುಡುಗಾಟದ ವಿಷಯ ಅಲ್ಲ. ತಲೆ ಮರಗಟ್ಟಿಸಲು ಕೊಡುವ ಲಿಗ್ನೊಕೇನ್ ಇಂಜೆಕ್ಷನ್‌ಗೆ ತೂಕದ ಮೇಲೆ ಮಿತಿ ಇದೆ. ಅಡ್ರಿನಲಿನ್ ಸೇರಿಸಿ ಕೊಟ್ಟರೂ ಕಿಲೋಗೆ ಸುಮಾರು 7 ಮಿಲಿಗ್ರಾಂ. ಮೀರಿದರೆ ಫಿಟ್ಸ್ ಬರಬಹುದು, ಹೃದಯ ನಿಲ್ಲಬಹುದು. ಕಾನ್ಪುರದಲ್ಲಿ ಕೂದಲು ಕಸಿ ಮಾಡಿಸಿಕೊಂಡ ಇಬ್ಬರು ಎಂಜಿನಿಯರ್‌ಗಳು ತೀರಿಕೊಂಡ ಸುದ್ದಿ 2025ರಲ್ಲಿ ದೇಶವೆಲ್ಲ ಓದಿತು. ಅದಕ್ಕೆ ಮೊದಲೇ, 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ನಿಯಮ ಹೇಳಿತ್ತು: ಇದನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕು, ಯೂಟ್ಯೂಬ್ ನೋಡಿಯೋ ಕಾರ್ಯಾಗಾರದಲ್ಲಿ ಕೂತೋ ಕಲಿತದ್ದು ಸಾಲದು. ಚರ್ಮರೋಗದಲ್ಲಿ ಎಂಡಿ ಅಥವಾ ಡಿಎನ್‌ಬಿ, ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಓದಿದವರನ್ನು ಹುಡುಕಿ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ ಎಲ್ಲವೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಣಿಯಾಗಿರಬೇಕು, ಅದು ಕಾಣುವ ಹಾಗೆ ಹಾಕಿರಬೇಕು. ಡಾಕ್ಟರ ಹೆಸರನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ನೋಡಬಹುದು. ಸಂಕೋಚ ಬೇಡ.

ಕೇಳಬೇಕಾದ ಪ್ರಶ್ನೆಗಳು ಕಡಿಮೆ. ನನ್ನ ತಲೆಯಲ್ಲಿ ಕೊರೆಯುವವರು ಯಾರು, ಗುಳಿ ಮಾಡುವವರು ಯಾರು, ನೆಡುವವರು ಯಾರು? ನೆಡಲು ಟೆಕ್ನಿಷಿಯನ್‌ಗಳು ಕೈಹಾಕುವುದು ಎಲ್ಲ ಕಡೆ ಇದೆ, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಉಳಿದೆರಡನ್ನು ಡಾಕ್ಟರೇ ಮಾಡಬೇಕು, ಎಲ್ಲ ಮುಗಿಯುವ ತನಕ ಅಲ್ಲೇ ಇರಬೇಕು. ಅದೇ ದಿನ ಆ ಡಾಕ್ಟರಿಗೆ ಇನ್ನೆಷ್ಟು ಕೇಸ್ ಇದೆ? ತುರ್ತಾದರೆ ಆಕ್ಸಿಜನ್, ಔಷಧಿ, ಹತ್ತಿರದ ಐಸಿಯು ಎಲ್ಲಿ? ಮೊದಲೇ ರಕ್ತಪರೀಕ್ಷೆ, ಬಿಪಿ, ಶುಗರ್ ಏನನ್ನೂ ಕೇಳದವರ ಹತ್ತಿರ ಕುರ್ಚಿಯ ಮೇಲೂ ಕೂರಬೇಡಿ.

ದುಬೈ, ದೋಹಾದಲ್ಲಿರುವ ನಮ್ಮ ಕರಾವಳಿಯ ಹುಡುಗರಿಗೆ ಇಸ್ತಾಂಬುಲ್ ಹತ್ತಿರ. ಹೋಟೆಲ್, ಟ್ಯಾಕ್ಸಿ, ನಾಟಿ ಎಲ್ಲ ಸೇರಿಸಿ ಒಂದೇ ದರ. ಅಲ್ಲಿ ಬಹಳ ಒಳ್ಳೆಯ ಡಾಕ್ಟರುಗಳೂ ಇದ್ದಾರೆ, ಟೆಕ್ನಿಷಿಯನ್‌ಗಳೇ ಎಲ್ಲ ಮುಗಿಸುವ ಅಂಗಡಿಗಳೂ ಇವೆ. ಎಷ್ಟು ಬೇಕಾದರೂ ಗ್ರಾಫ್ಟ್ ಒಂದೇ ದರಕ್ಕೆ ಅನ್ನುವ ಮಾತಿಗೆ ಮಾತ್ರ ಮರುಳಾಗಬೇಡಿ. ಅದು ನಿಮ್ಮ ಒಟ್ಟಲು, ಅವರದ್ದಲ್ಲ. ಮೂರನೇ ವಾರ ಸೋಂಕಾದರೆ ಯಾರಿಗೆ ತೋರಿಸುತ್ತೀರಿ ಅನ್ನುವುದನ್ನೂ ಟಿಕೆಟ್ ತೆಗೆಯುವ ಮೊದಲೇ ಯೋಚಿಸಿ.

ದುಡ್ಡು

ಬೆಂಗಳೂರಿನಲ್ಲಿ ನಾನು ಕೇಳಿದ ದರಗಳು ಒಂದು ಗ್ರಾಫ್ಟಿಗೆ 30 ರೂಪಾಯಿಯಿಂದ 100ರ ತನಕ ಇದ್ದವು. ನಾನು ಕೊಟ್ಟದ್ದು 55. ಎರಡು ಸಾವಿರಕ್ಕೆ 1,10,000. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 1,29,800. ಆಸ್ಪತ್ರೆ ಸೇವೆಗೆ ಇರುವ ತೆರಿಗೆ ವಿನಾಯಿತಿಯಲ್ಲಿ ಕೂದಲು ಕಸಿಯನ್ನು ಹೆಸರು ಹಿಡಿದೇ ಹೊರಗಿಟ್ಟಿದ್ದಾರೆ. ಹಾಗಾಗಿ ದರ ಕೇಳುವಾಗ ತೆರಿಗೆ ಸೇರಿಯೋ ಬಿಟ್ಟೋ ಅಂತ ಕೇಳಿ. ಅಂದಕ್ಕಾಗಿ ಮಾಡಿಸುವುದಕ್ಕೆ ಇನ್ಶೂರೆನ್ಸ್ ಕೊಡುವುದಿಲ್ಲ. ಬಿಲ್ಲಿನಲ್ಲಿ ಗ್ರಾಫ್ಟ್ ಸಂಖ್ಯೆ ಬರೆಸಿಕೊಳ್ಳಿ. ಕೂದಲಿನ ಎಳೆಗಳನ್ನು ಎಣಿಸಿ ಗ್ರಾಫ್ಟ್ ಅಂತ ತೋರಿಸುವ ಚಾಲಾಕಿಗಳೂ ಇದ್ದಾರೆ.

ಪ್ಯಾಚ್, ಚುಕ್ಕೆ, ಟ್ರಿಮ್ಮರ್

ಭಾವನಿಗೆ ತಲೆಯ ಮೇಲ್ಭಾಗವೆಲ್ಲ ಖಾಲಿ, ಹಿಂದಲೆಯೂ ತೆಳ್ಳಗೆ. ನಾಟಿಗೆ ಡಾಕ್ಟರೇ ಬೇಡ ಅಂದರು. ಅವರು ಪ್ಯಾಚ್ ಹಾಕುತ್ತಾರೆ. ತೆಳ್ಳನೆಯ ಬಲೆಗೆ ನಿಜವಾದ ಕೂದಲು ಕಟ್ಟಿ, ಟೇಪ್ ಅಥವಾ ಅಂಟಿನಿಂದ ಕೂರಿಸುವುದು. ಒಂದೇ ಮಧ್ಯಾಹ್ನದಲ್ಲಿ ಹತ್ತು ವರ್ಷ ಚಿಕ್ಕವರಾಗಿ ಬಂದರು. ಆದರೆ ಎರಡು ಮೂರು ವಾರಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಅಂಟಿಸಬೇಕು. ಬೇಸಿಗೆಯಲ್ಲಿ ಬೆವರು, ಕೆರೆತ. ಕೆಲವು ತಿಂಗಳಿಗೆ ಹೊಸದು ಬೇಕು. ಹತ್ತು ವರ್ಷದ ಲೆಕ್ಕ ಹಾಕಿದರೆ ನಾಟಿಗಿಂತ ಅಗ್ಗ ಏನಲ್ಲ. ಒಮ್ಮೆ ಹಾಕಿ ಊರೆಲ್ಲ ನೋಡಿದ ಮೇಲೆ ಬಿಡುವುದೂ ಕಷ್ಟ. "ಬೇರೆ ಏನೂ ಅಲ್ಲ, ಜಾತ್ರೆಯಲ್ಲಿ ಗಾಳಿ ಬೀಸಿದ್ರೆ ಎದೆ ಢವಢವ" ಅನ್ನುತ್ತಾರೆ.

ತಲೆಯ ಮೇಲೆ ಹಚ್ಚೆಯ ಹಾಗೆ ಸಣ್ಣ ಚುಕ್ಕೆ ಇಟ್ಟು ಈಗಷ್ಟೇ ಬೋಳಿಸಿದಂತೆ ಕಾಣಿಸುವುದೂ ಒಂದಿದೆ. ಗಿಡ್ಡ ಕಟಿಂಗ್ ಇಡುವವರಿಗೆ, ಹಳೆಯ ಗೆರೆ ಮುಚ್ಚಲು ಒಳ್ಳೆಯದು. ಕೆಲವು ವರ್ಷಕ್ಕೊಮ್ಮೆ ಮಾಸುತ್ತದೆ.

ಕೊನೆಯದು ಟ್ರಿಮ್ಮರ್. ಸಾವಿರದ ಐನೂರು ರೂಪಾಯಿ. ದಟ್ಟ ಗಡ್ಡ ಬರುವವರಿಗೆ ಇದರಷ್ಟು ಚೆನ್ನಾಗಿ ಒಪ್ಪುವುದು ಬೇರೆ ಇಲ್ಲ. ನಾಟಿಗೆ ಮೊದಲು ಒಂದು ತಿಂಗಳು ಹೀಗೆ ಇದ್ದು ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಅರ್ಧ ಜನಕ್ಕೆ ಅಲ್ಲಿಗೇ ಹುಚ್ಚು ಬಿಡುತ್ತದೆ.

ಮಾಡಿಸಿದ ಮೇಲಿನ ಒಂದು ವರ್ಷ

ಮೂರನೇ ದಿನ ಹಣೆ ಊದಿ ಕಣ್ಣಿನ ತನಕ ಇಳಿಯುತ್ತದೆ. ಹೆದರಬೇಡಿ, ನಾಲ್ಕು ದಿನದಲ್ಲಿ ಹೋಗುತ್ತದೆ. ಮೊದಲ ವಾರ ತಲೆ ಎತ್ತರಕ್ಕಿಟ್ಟು ಮಲಗಬೇಕು. ಹತ್ತು ದಿನದಲ್ಲಿ ಹೊಪ್ಪಳೆ ಉದುರಿ ಬೇರು ಕಚ್ಚಿಕೊಳ್ಳುತ್ತದೆ. ಅಲ್ಲಿಯ ತನಕ ಹೆಲ್ಮೆಟ್ ಹಾಕುವ ಹಾಗಿಲ್ಲ, ಅಂದರೆ ಬೈಕೂ ಇಲ್ಲ. ನಾನು ಎರಡು ವಾರ ಮೆಟ್ರೋದಲ್ಲಿ ಓಡಾಡಿದೆ. ಆಫೀಸಿನಲ್ಲಿ ಬೋಳಿಸಿದ ತಲೆ ನೋಡಿ ಎಲ್ಲರದ್ದೂ ಒಂದೇ ಪ್ರಶ್ನೆ, "ತಿರುಪತಿಗೆ ಹೋಗಿದ್ರಾ?" ಹೂಂ ಅಂದೆ. ಲಡ್ಡು ಎಲ್ಲಿ ಅಂತ ಕೇಳಿದಾಗ ಸಿಕ್ಕಿಬಿದ್ದೆ. ದೀಪಾವಳಿಯ ಎಣ್ಣೆ ಸ್ನಾನವನ್ನೂ ಬಿಟ್ಟೆ. ಅಮ್ಮ ಬೈದರು.

ಆಮೇಲೆ ಬರುವುದೇ ಕಷ್ಟದ ಕಾಲ. ಮೂರನೇ ವಾರದಿಂದ ನೆಟ್ಟ ಎಳೆಗಳು ಉದುರುತ್ತವೆ. ಲಕ್ಷ ರೂಪಾಯಿ ದಿಂಬಿನ ಮೇಲೆ ಬಿದ್ದಿರುತ್ತದೆ. ಬೇರು ಒಳಗಿರುತ್ತದೆ, ಮೂರ್ನಾಲ್ಕು ತಿಂಗಳಿಗೆ ತೆಳ್ಳಗೆ ಮೊಳೆಯುತ್ತದೆ. ಆರಕ್ಕೆ ಅರ್ಧ ಕಾಣುತ್ತದೆ, ವರ್ಷಕ್ಕೆ ಪೂರ್ತಿ. ಮದುವೆಗೆ ಮುಂಚೆ ಮಾಡಿಸುವವರು ಒಂದು ವರ್ಷ ಹಿಂದಕ್ಕೆ ಲೆಕ್ಕ ಹಾಕಿ ದಿನ ಇಡಬೇಕು, ಛತ್ರ ಬುಕ್ ಮಾಡುವುದಕ್ಕಿಂತ ಮೊದಲು.

ನಮ್ಮ ಹುಡುಗನನ್ನು ಹೋದ ತಿಂಗಳು ನನ್ನ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋದೆ. ಅವರು ಅವನ ಮುಂದಲೆಯನ್ನು ಅರ್ಧ ನಿಮಿಷ ನೋಡಿದರು, ಹಿಂದಲೆಯನ್ನು ಹತ್ತು ನಿಮಿಷ. ಚಿಕ್ಕಪ್ಪನ ಫೋಟೋ, ಅವನ ಸೋದರಮಾವನ ಫೋಟೋ ಕೇಳಿದರು. ಮಾತ್ರೆ ಬರೆದುಕೊಟ್ಟು, ನಾಲ್ಕು ಕಡೆಯಿಂದ ಫೋಟೋ ತೆಗೆದು, ಮುಂದಿನ ವರ್ಷ ಬಾ ಅಂದರು. ಹೊರಗೆ ಬಂದು ಲಿಫ್ಟಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಳ್ಳುತ್ತಾ, "ಅಣ್ಣ, ಇವರಿಗೆ ದುಡ್ಡು ಮಾಡೋಕೆ ಬರಲ್ಲ" ಅಂದ. ಫೀಸ್ 800 ರೂಪಾಯಿ, ನಾನೇ ಕೊಟ್ಟೆ.